ಸಮುದ್ರಕ್ಕೆ ಹೊಲಿದ ಫ್ರಿಲ್ಲು

ಧಡಕ್… ಸೊರ್ರ್… ಧಡಕ್… ಸೊರ್ರ್. ನಮ್ಮ ಲ್ಯಾಬಿನ ಉದ್ದನೆಯ ನೀರಿನ ತೊಟ್ಟಿಯ ಒಂದು ತುದಿಯಲ್ಲಿ ಕಬ್ಬಿಣದ ಹಲಗೆಯೊಂದು ಹಿಂದಕ್ಕೂ ಮುಂದಕ್ಕೂ ಆಡುತ್ತ ಅಲೆ ಎಬ್ಬಿಸುತ್ತಿದ್ದ ಸದ್ದು ಅದು. ಆ ಸೆಕ್ಷನ್ನಿನಲ್ಲಿದ್ದವರೆಲ್ಲ ಸೊರ್ರ್ ಎನ್ನುವಾಗ ಮಾತಾಡಿ ಧಡಕ್ ಎನ್ನುವಾಗ ಬಾಯಿ ಮುಚ್ಚುವುದನ್ನು ಕಲಿತಿದ್ದೆವು. ಮನೆಗೆ ಬಂದ ಮೇಲೂ ನಾನು ಹಾಗೇ ತುಂಡು ತುಂಡಾಗಿ ಮಾತಾಡುತ್ತಿದ್ದೆನಂತೆ. "ಏನೇ, ನಿನ್ನ ಮಾತಿಗೂ ಅಲೆ ಬರುತ್ತಾ?" ಎಂದು ನಮ್ಮ ಯಜಮಾನರು ರೇಗಿಸುತ್ತಿದ್ದರು.

ಈ ಲೈನಿಗೆ ಹೊಸದಾಗಿ ಬರುತ್ತಿರುವ ಮಕ್ಕಳು ಆಗಾಗ ಫೋನ್ ಮಾಡುತ್ತಾರೆ. "ವಸಂತಾ ಮೇಡಂ, ಫೀಲ್ಡ್ ಹೇಗಿದೆ? ಸ್ಕೋಪ್ ಇದೆಯಾ?" ಅಂತ. ಸ್ಕೋಪ್ ನನಗೆ ಗೊತ್ತಿಲ್ಲ. ಕೆಲಸ ಹೇಗಿತ್ತು ಎನ್ನುವುದು ಗೊತ್ತು, ಅದನ್ನೇ ಬರೆಯುತ್ತೇನೆ. ನನ್ನ ಪ್ರಮೋಷನ್‌ಗಳೆಲ್ಲ ಸರ್ವೀಸ್ ರಿಜಿಸ್ಟರಿನಲ್ಲಿವೆ, ಅಲ್ಲೇ ಸುಖವಾಗಿರಲಿ.

ಕೆಲಸ ಇಷ್ಟೇ. ಚೆನ್ನೈ ಕಡಲಿನಲ್ಲಿ, ದಡದಿಂದ ಸ್ವಲ್ಪ ದೂರ, ತಳದಲ್ಲಿ ಒಂದು ಪೆಟ್ಟಿಗೆ. ಅದರೊಳಗೆ ನೀರಿನ ಬಿಸಿ ಅಳೆಯುವ ಥರ್ಮಾಮೀಟರು. ದಿನಕ್ಕೆ ನಾಲ್ಕು ಸಲ ಅದು ಅಳೆದು, ಶಬ್ದದ ಮೂಲಕ ಮೇಲೆ ತೇಲುತ್ತಿರುವ ಬೋಯೆಗೆ ಹೇಳುತ್ತದೆ. ಬೋಯೆ ನಮಗೆ ಹೇಳುತ್ತದೆ. ಬೋಯೆಯ ಮೇಲೆ ಸೋಲಾರ್ ಹಲಗೆ ಇದೆ. ತಳದ ಪೆಟ್ಟಿಗೆಗೆ ಬಿಸಿಲೆಲ್ಲಿಂದ ಬರಬೇಕು? ಬ್ಯಾಟರಿಯೇ ಗತಿ. ಬ್ಯಾಟರಿ ಮುಗಿದರೆ ದೋಣಿ ಹೋಗಬೇಕು, ಮುಳುಗುಗಾರ ಇಳಿಯಬೇಕು. ಅಕ್ಟೋಬರ್ ಹೊತ್ತಿಗೆ, ತಮಿಳರ ಐಪ್ಪಸಿ, ಕಾರ್ತಿಕ ಮಾಸಗಳಲ್ಲಿ, ಚೆನ್ನೈ ಮಳೆ ಶುರುವಾಯಿತೆಂದರೆ ಯಾವ ದೋಣಿಯೂ ಹೊರಡುವುದಿಲ್ಲ. ಪುಯಲ್, ಅಂದರೆ ಚಂಡಮಾರುತ, ಬರುವ ಆ ದಿನಗಳಲ್ಲೇ ಸಮುದ್ರದ ಬಿಸಿ ಎಷ್ಟೆಂದು ಎಲ್ಲರಿಗೂ ಬೇಕು; ಆ ದಿನಗಳಲ್ಲೇ ನಮ್ಮ ಪೆಟ್ಟಿಗೆ ಕಣ್ಣು ಮುಚ್ಚುತ್ತಿತ್ತು.

ಆದ್ದರಿಂದ ಪೆಟ್ಟಿಗೆ ತನ್ನ ಕರೆಂಟನ್ನು ತಾನೇ ಸಂಪಾದಿಸಿಕೊಳ್ಳಲಿ ಎಂದು ನಮ್ಮ ಸೆಕ್ಷನ್ ಹುಟ್ಟಿತು. ಬಾಗಿದರೆ ಒಂದಿಷ್ಟು ವಿದ್ಯುತ್ ಕೊಡುವ ತೆಳು ಪ್ಲಾಸ್ಟಿಕ್ ಹಾಳೆಗಳಿವೆ. ಅವನ್ನು ರಬ್ಬರಿನೊಳಗೆ ಮುಚ್ಚಿ, ಪಟ್ಟಿ ಮಾಡಿ, ನೀರಿನಲ್ಲಿ ನಿಲ್ಲಿಸಿದರೆ ನೀರೇ ಅದನ್ನು ಬಾಗಿಸಬೇಕು. ಮೀನು, ಪಾಚಿ ಇವೆಲ್ಲ ನೀರಿನಲ್ಲಿ ಹೇಗೆ ಆಡುತ್ತವೋ ಹಾಗೆ ಆಡುವ ಪಟ್ಟಿ ಮಾಡುವುದೇ ನಮ್ಮ ಹೊಟ್ಟೆಪಾಡು.

ನಮ್ಮ ಬಾಸನ್ನು ಎಲ್ಲರೂ ವಿಎನ್ ಸರ್ ಎನ್ನುತ್ತಿದ್ದರು. ಮೈಲಾಪುರದವರು, ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಹಸಿರು ಇಂಕಿನ ಪೆನ್ನು. ಏನು ತೋರಿಸಿದರೂ ಮೊದಲ ಪ್ರಶ್ನೆ, "ಸೋ ವಾಟ್?" ಅದು ಅವಮಾನ ಎಂದುಕೊಂಡು ಮೊದಲ ವರ್ಷ ಲೇಡೀಸ್ ರೂಮಿನಲ್ಲಿ ಹೋಗಿ ಅತ್ತಿದ್ದೇನೆ. ಅದು ನಿಜವಾಗಿಯೂ ಪ್ರಶ್ನೆ, ಉತ್ತರಕ್ಕಾಗಿ ಅವರು ಕಾಯುತ್ತಾರೆ ಎಂದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು. ನೀವು ಬೇಗ ತಿಳಿದುಕೊಳ್ಳಿ.

ನನ್ನ ಅತಿ ದೊಡ್ಡ ಪೆದ್ದುತನದ ಕಥೆ ಮೊದಲು ಹೇಳಿಬಿಡುತ್ತೇನೆ. ಮೊದಲ ಪಟ್ಟಿಯನ್ನು ತೊಟ್ಟಿಗೆ ಇಳಿಸಿದ ದಿನ ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ, ಬ್ಯಾಟರಿಯಲ್ಲಿ ನಡೆಯುವ ಪುಟ್ಟ ಸ್ಕೋಪಿನ ಪರದೆಯ ಮೇಲೆ ಗೆರೆ ಎದ್ದು ಕುಣಿಯತೊಡಗಿತು. ಎಷ್ಟು ಅಂದವಾದ ಗೆರೆ! ಒಂದೇ ಸಮ, ಒಂದೇ ಎತ್ತರ. ನಾನು ಮತ್ತು ನಮ್ಮ ಜೂನಿಯರ್ ಇಂಜಿನಿಯರ್ ಅನ್ಬರಸಿ ಕೈ ಕೈ ಹಿಡಿದು ಕುಣಿದೆವು. ಕ್ಯಾಂಟೀನಿನಿಂದ ಮೈಸೂರುಪಾಕು ಬಂತು. ವಿಎನ್ ಸರ್ ಕೂಡ ಒಂದು ತುಂಡು ತೆಗೆದುಕೊಂಡರು. ಅವರ ಬಾಯಿಯಲ್ಲಿ ಪಾಕು ಇದ್ದಾಗಲೇ ಕರೆಂಟ್ ಹೋಯಿತು. ಅಲೆ ಎಬ್ಬಿಸುವ ಹಲಗೆ ನಿಂತಿತು, ಆದರೆ ನೀರು ಇನ್ನೂ ತೊನೆಯುತ್ತಿತ್ತು, ಪಟ್ಟಿ ಇನ್ನೂ ಬಾಗುತ್ತಿತ್ತು. ಗೆರೆ ಮಾತ್ರ ಫ್ಲಾಟ್ ಆಗಿ ಮಲಗಿಬಿಟ್ಟಿತು.

ಸರ್ ಪಾಕನ್ನು ನಿಧಾನವಾಗಿ ನುಂಗಿ ಕೇಳಿದರು. "ವಸಂತಾ, ನಿಮ್ಮ ಅಲೆ ಸೆಕೆಂಡಿಗೆ ಎಷ್ಟು ಸಲ ಆಡುತ್ತಿತ್ತು?"

ನಾನು ಎಣಿಸಿ ನೋಡಿರಲಿಲ್ಲ. ಆಮೇಲೆ ನೋಡಿದರೆ ಸೆಕೆಂಡಿಗೆ ಐವತ್ತು ಸಲ, ಮನೆಯ ಕರೆಂಟು ಆಡುವಷ್ಟೇ. ಯಾವ ಸಮುದ್ರದ ಅಲೆ ಹಾಗೆ ಆಡುತ್ತದೆ? ನಮ್ಮ ವೈರು ಗೋಡೆಯೊಳಗಿನ ಲೈಟಿನ ವೈರಿನ ಗುಯ್‌ಗುಟ್ಟುವಿಕೆಯನ್ನು ಹಿಡಿದು ತೋರಿಸುತ್ತಿತ್ತು. ಇಡೀ ಬೆಳಗ್ಗೆ ನಾವು ಎಲೆಕ್ಟ್ರಿಸಿಟಿ ಬೋರ್ಡಿನ ಕರೆಂಟನ್ನೇ ಸಮುದ್ರದ ಕರೆಂಟೆಂದು ಪೂಜೆ ಮಾಡಿದ್ದೆವು.

"ಪರವಾಗಿಲ್ಲ," ಎಂದರು ಸರ್, ಇನ್ನೊಂದು ತುಂಡು ಕೈಗೆತ್ತಿಕೊಂಡು. "ಸ್ವೀಟ್ ಈಸ್ ಒರಿಜಿನಲ್."

ಅಂದಿನಿಂದ ಗೆರೆ ಅಂದವಾಗಿದ್ದರೆ ನನಗೆ ಅನುಮಾನ. ಅಂಕುಡೊಂಕಾಗಿ, ಸೋಮಾರಿಯಾಗಿ ಏಳುವ ಗೆರೆ ಕಂಡರೆ ಜೀವ ತಣ್ಣಗಾಗುತ್ತದೆ.

ಅದನ್ನು ತಿದ್ದಿಕೊಂಡು ಹಾವುಮೀನಿನ ಹಾಗೆ ಆಡುವ ಚಪ್ಪಟೆ ಪಟ್ಟಿಗಳನ್ನು ಮಾಡಿದೆವು. ನೀರು ಒಂದೇ ದಿಕ್ಕಿಗೆ ರಭಸದಿಂದ ಹರಿದರೆ ಅವು ಚೆನ್ನಾಗಿಯೇ ಬಳುಕುತ್ತಿದ್ದವು. ಕಡಲ ತಳದಲ್ಲಿ ನೀರು ಹಾಗೆ ಹರಿಯುವುದಿಲ್ಲ. ತೊಟ್ಟಿಲಿನಂತೆ ಮೆಲ್ಲಗೆ ಅತ್ತ ಇತ್ತ ತೂಗುತ್ತದೆ. ಕಡಲಿಗಿಳಿಸಿ ಮೂರು ತಿಂಗಳು ಬಿಟ್ಟು ಮೇಲೆತ್ತಿದಾಗ ಪಟ್ಟಿಗಳು ಕಡ್ಡಿಯಂತೆ ನಿಂತಿದ್ದವು. ಮೈತುಂಬ ಬಾರ್ನಕಲ್ ಎನ್ನುವ ಕಲ್ಲಿನಂಥ ಚಿಪ್ಪುಗಳು, ಬುಡದಲ್ಲಿ ಒಂದು ಏಡಿಯ ಸಂಸಾರ. ದೋಣಿಯ ಯಜಮಾನ ನಕ್ಕ. "ಅಮ್ಮಾ, ನೀಂಗ ಕರೆಂಟ್ ವಳಕ್ಕಿರೀಂಗಳಾ, ನಂಡು ವಳಕ್ಕಿರೀಂಗಳಾ?" ಕರೆಂಟ್ ಬೆಳೆಸುತ್ತೀರೋ, ಏಡಿ ಬೆಳೆಸುತ್ತೀರೋ ಅಂತ.

ವಿಎನ್ ಸರ್ ಆ ಪಟ್ಟಿಗಳನ್ನು ನೋಡಿ "ಸೋ ವಾಟ್" ಅನ್ನಲಿಲ್ಲ. ಅದೇ ಹೆದರಿಕೆಯಾಯಿತು. ರೂಮಿಗೆ ಕರೆದು ಹೇಳಿದರು. "ಒಂದೇ ಮಳೆಗಾಲ ಕೊಡ್ತೇನೆ ವಸಂತಾ. ಅಕ್ಟೋಬರಿನಿಂದ ಪೊಂಗಲ್‌ವರೆಗೆ ದೋಣಿ ಹೋಗಬಾರದು, ಬ್ಯಾಟರಿ ಬದಲಾಗಬಾರದು, ಥರ್ಮಾಮೀಟರ್ ಸಾಯಬಾರದು. ಸತ್ತರೆ ಸೆಕ್ಷನ್ ಕ್ಲೋಸ್. ನಿಮ್ಮನ್ನು ಸರ್ಟಿಫಿಕೇಟ್ ರೂಮಿಗೆ ಹಾಕ್ತೇನೆ."

ಸರ್ಟಿಫಿಕೇಟ್ ರೂಮೆಂದರೆ ಇತರರ ಉಪಕರಣಗಳು ಸರಿಯಾಗಿವೆಯೆಂದು ಸೀಲು ಒತ್ತುವ ಜಾಗ. ನಿವೃತ್ತಿಗೆ ಎರಡು ವರ್ಷವಿತ್ತು. ಕೆಲಸ ಮಾಡುವ ಒಂದೇ ಒಂದು ವಸ್ತುವನ್ನು ನಾನೇ ಮಾಡಿ ಹೋಗಬೇಕು, ಬೇರೆಯವರದಕ್ಕೆ ಸೀಲು ಒತ್ತುತ್ತ ಹೋಗಬಾರದು. ಇಷ್ಟೇ ನನ್ನ ಆಸೆ.

ಆ ವಾರವೇ ಒಂದು ಪುಸ್ತಕದಲ್ಲಿ ಕಡಲಪಾಚಿಯ ಎರಡು ಫೋಟೋ ನೋಡಿದೆ. ಜಾತಿ ಒಂದೇ. ರಭಸದ ನೀರಿನಲ್ಲಿ ಬೆಳೆದದ್ದರ ಎಲೆ ಚಪ್ಪಟೆ, ಕಿರಿದು. ಶಾಂತ ನೀರಿನಲ್ಲಿ ಬೆಳೆದದ್ದರ ಎಲೆ ಅಗಲ, ಅಂಚೆಲ್ಲ ಸುಕ್ಕು ಸುಕ್ಕು. ಮೆಲ್ಲಗಿನ ನೀರಿಗೂ ಆ ಅಂಚು ಪಟಪಟ ಆಡುತ್ತದೆ. ಆ ಫೋಟೋ ನೋಡಿ ನನ್ನ ಬಾಯಿಂದ ಬಂದದ್ದು ಒಂದೇ ಮಾತು, "ಅಯ್ಯೋ, ಇದು ಫ್ರಿಲ್ಲು!"

ನಾನು ಕಾನ್ವೆಂಟಿನಲ್ಲಿ ಓದಿದವಳು. ಶುಕ್ರವಾರ ಮಧ್ಯಾಹ್ನ ನೀಡಲ್‌ವರ್ಕ್ ಕ್ಲಾಸು. ಸಿಸ್ಟರ್ ಆಗ್ನೆಸ್ ಫ್ರಿಲ್ಲಿನ ಗುಟ್ಟನ್ನು ಒಂದೇ ವಾಕ್ಯದಲ್ಲಿ ಹೇಳಿಕೊಟ್ಟಿದ್ದರು: "ಗರ್ಲ್ಸ್, ದಿ ಎಡ್ಜ್ ಮಸ್ಟ್ ಬಿ ಲಾಂಗರ್ ದ್ಯಾನ್ ದಿ ಮಿಡ್ಲ್." ಅಂಚು ನಡುವಿಗಿಂತ ಉದ್ದವಾಗಿದ್ದರೆ ಬಟ್ಟೆಗೆ ಅಲೆಅಲೆಯಾಗದೆ ಬೇರೆ ದಾರಿಯಿಲ್ಲ. ಥಿಯರಿ ನನಗೆ ಬಾಯಿಪಾಠ. ಪ್ರಾಕ್ಟಿಕಲ್‌ನಲ್ಲಿ ಮಾತ್ರ ನನ್ನ ಏಪ್ರನ್ನನ್ನು ಸಿಸ್ಟರ್ ಇಡೀ ಕ್ಲಾಸಿಗೆ ಎತ್ತಿ ತೋರಿಸಿ, "ವಸಂತಾ ಹ್ಯಾಸ್ ಸ್ಟಿಚ್ಡ್ ಎ ಫಿಶಿಂಗ್ ನೆಟ್" ಎಂದಿದ್ದರು.

ಪಟ್ಟಿಯೊಳಗಿನ ಪ್ಲಾಸ್ಟಿಕ್ ಹಾಳೆಗೆ ಸೂಜಿ ಚುಚ್ಚುವ ಹಾಗಿಲ್ಲ; ನೀರು ನುಗ್ಗುತ್ತದೆ. ಹಾಳೆಯ ಆಚೆಗೆ ರಬ್ಬರಿನ ಬರಿಯ ಅಂಚು ಬಿಟ್ಟು, ಅದಕ್ಕೆ ಉದ್ದನೆಯ ರಬ್ಬರ್ ಬಟ್ಟೆಯನ್ನು ಸುಕ್ಕು ಮಾಡಿ ಸೇರಿಸಬೇಕು. ಅನ್ಬರಸಿ ಅಂಟು ಹಾಕಿದಳು, ವಾರದಲ್ಲಿ ಬಿಟ್ಟುಬಂತು. ನಾನು ಮನೆಯ ಮೆಷಿನ್ನಿನಲ್ಲಿ ಹೊಲಿದೆ; ಒಂದೇ ಗೆರೆಯಲ್ಲಿ ಒತ್ತೊತ್ತಾಗಿ ಬಿದ್ದ ತೂತುಗಳಿಂದ ಅಂಚೆಚೀಟಿ ಹರಿದಂತೆ ನೀಟಾಗಿ ಹರಿದುಬಂತು. ಕೊನೆಗೆ ಒಂದು ದಿನ ಪಟ್ಟಿಯನ್ನು ಬಿಗ್‌ಶಾಪರ್ ಚೀಲದಲ್ಲಿ ಹಾಕಿಕೊಂಡು, ಅಡ್ಯಾರಿನಿಂದ ಆಟೋ ಹಿಡಿದು, ಕೋಡಂಬಾಕ್ಕಂನ ಮುನಿರತ್ನಂ ಮಾಸ್ಟರ ಅಂಗಡಿಗೆ ಹೋದೆ.

ಮಾಸ್ಟರು ನನ್ನ ಬ್ಲೌಸಿನ ಟೈಲರು. ಅದಕ್ಕೂ ಮೊದಲು ಸ್ಟುಡಿಯೋಗಳಲ್ಲಿ ಡ್ಯಾನ್ಸಿನ ಕಾಸ್ಟ್ಯೂಮ್ ಹೊಲಿದವರು. ಕನ್ನಡ ಸಿನಿಮಾಗಳೂ ಅಲ್ಲೇ ಶೂಟಿಂಗ್ ಆಗುತ್ತಿದ್ದ ಕಾಲದಲ್ಲಿ ಕಲಿತ ಕನ್ನಡವನ್ನು ನನ್ನೊಬ್ಬಳಿಗಾಗಿ ಜೋಪಾನವಾಗಿಟ್ಟಿದ್ದರು. ಮಹಡಿ ಮೆಟ್ಟಿಲ ಕೆಳಗಿನ ಅಂಗಡಿ, ಎಪ್ಪತ್ತು ದಾಟಿದ ವಯಸ್ಸು, ದಾರ ಕಟ್ಟಿದ ಕನ್ನಡಕ.

ಪಟ್ಟಿಯನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ ಕೇಳಿದರು. "ಯಾರಿಗಮ್ಮಾ ಇದು?"

"ಸಮುದ್ರಕ್ಕೆ ಮಾಸ್ಟರ್."

ಅವರು ನಗಲಿಲ್ಲ. "ಸರಿ. ಹಾಕ್ಕೊಂಡು ನಿಂತೇ ಇರ್ತಾರಾ, ನಡೀತಾರಾ, ಡ್ಯಾನ್ಸ್ ಆಡ್ತಾರಾ?"

ಅವರೇ ಬಿಡಿಸಿ ಹೇಳಿದರು. "ನೋಡಮ್ಮಾ, ನಿಲ್ಲೋರಿಗೆ ಒಂದು ಫ್ರಿಲ್, ಸುತ್ತೋರಿಗೆ ಒಂದು ಫ್ರಿಲ್. ಆಡೋದು ನೋಡದೇ ನಾನು ಕತ್ತರಿ ಇಡಲ್ಲ. ಹೀರೋಯಿನ್ ಆದ್ರೂ ಸರಿ, ಸಮುದ್ರ ಆದ್ರೂ ಸರಿ, ಟ್ರಯಲ್ಲಿಗೆ ಬರಬೇಕು."

ಸಮುದ್ರ ಕೋಡಂಬಾಕ್ಕಂಗೆ ಬರುವುದಿಲ್ಲವಲ್ಲ, ಮಾಸ್ಟರನ್ನೇ ಲ್ಯಾಬಿಗೆ ಕರೆತಂದೆ. ಗೇಟಿನ ಸೆಕ್ಯುರಿಟಿ ರಿಜಿಸ್ಟರಿನಲ್ಲಿ "ಬಂದ ಉದ್ದೇಶ" ಎಂಬಲ್ಲಿ ಅವರು ತಮಿಳಿನಲ್ಲಿ ದುಂಡಗೆ "ಅಳತೆ" ಎಂದು ಬರೆದರು. ಪಟ್ಟಿಯನ್ನು ನೀರಿಗಿಳಿಸಿ, ತೊಟ್ಟಿಯ ಗಾಜಿನ ಪಕ್ಕ ಸ್ಟೂಲು ಹಾಕಿ ಕೂರಿಸಿದೆವು. ಕತ್ತಿನಲ್ಲಿ ಟೇಪು. ಅರ್ಧ ಗಂಟೆ ಅದು ಆಡುವುದನ್ನೇ ನೋಡಿದರು. ಆಮೇಲೆ ತಲೆಯಲ್ಲಾಡಿಸಿದರು.

"ಸೊಂಟದ ಹತ್ರ, ಈ ಬುಡದಲ್ಲಿ, ಬಟ್ಟೆ ಜಾಸ್ತಿ ಕೊಟ್ಟಿದ್ದೀರಿ. ಅಲ್ಲಿ ಬೇಡ. ಅದು ತಡೀತದೆ. ಮೇಲೆ ಮೇಲೆ ಹೋಗ್ತಾ ಜಾಸ್ತಿ ಮಾಡಿ, ತುದೀಲಿ ಪೂರಾ ಬಿಡಿ. ತುದಿ ಎಳೆದ್ರೆ ಸೊಂಟ ತಾನೇ ಆಡ್ತದೆ."

ಅನ್ಬರಸಿ ಇಂಗ್ಲಿಷಿನಲ್ಲಿ ನನ್ನ ಕಿವಿಯಲ್ಲಿ ಉಸುರಿದಳು. "ಮೇಡಂ, ನನ್ನ ಸಿಮ್ಯುಲೇಷನ್ ಇನ್ನೂ ಎರಡು ದಿನ ಓಡಬೇಕು."

"ಓಡಲಿ ಕಣೇ. ಅಷ್ಟರಲ್ಲಿ ಇವರು ಹೊಲಿಯಲಿ."

ಹಳೆಯ ಕಾಲವೇ ಚೆಂದ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನಾನು ಸೇರಿದಾಗ ಒಂದು ಪಟ್ಟಿಯ ಆಕಾರ ಬದಲಿಸಬೇಕೆಂದರೆ ಹೊಸದಾಗಿ ಅಚ್ಚು ಮಾಡಿಸಿ ತಿಂಗಳು ಕಾಯುತ್ತಿದ್ದೆವು. ಅನ್ಬರಸಿ ಕಂಪ್ಯೂಟರಿನಲ್ಲಿ ಒಂದೇ ವಾರದಲ್ಲಿ ಹತ್ತು ಆಕಾರ ಆಡಿಸಿ ನೋಡುತ್ತಿದ್ದಳು. ಅವಳ ಲೆಕ್ಕ ಮುಗಿದಾಗ ಮಾಸ್ಟರು ಹೇಳಿದ್ದು ಸರಿಯೆಂದೇ ಬಂತು. ಜೊತೆಗೆ, ತುದಿಯಲ್ಲಿ ಅವರು ಬಿಟ್ಟದ್ದು ಸ್ವಲ್ಪ ಅತಿಯಾಯಿತು, ಬಿರುಸಾದ ಅಲೆಗೆ ಸುತ್ತಿಕೊಳ್ಳುತ್ತದೆ ಎಂದೂ ಬಂತು. ಮಾಸ್ಟರಿಗೆ ಹೇಳಿದರೆ ಸಿಟ್ಟಾದಾರೆಂದು ಹೆದರಿದ್ದೆವು. ಅವರು ಪರದೆಯ ಮೇಲೆ ಬಣ್ಣ ಬಣ್ಣವಾಗಿ ಆಡುವ ಪಟ್ಟಿಯನ್ನು ಬಗ್ಗಿ ನೋಡಿ, "ಪಾಪಾ, ಇದು ನನ್ನ ಕಾಲದಲ್ಲಿ ಇದ್ದಿದ್ರೆ ಎಷ್ಟೋ ಲಂಗ ಬಿಚ್ಚಿ ಹೊಲಿಯೋದು ತಪ್ತಿತ್ತು" ಎಂದು ಅನ್ಬರಸಿಯ ತಲೆ ಸವರಿದರು. ಅವರ ಬಾಯಲ್ಲಿ ಅವಳು ಪಾಪಾ, ಅಂದರೆ ಮಗು.

ಮೆಷಿನ್ನನ್ನು ಅವರು ಮುಟ್ಟಲಿಲ್ಲ. ಗಾಳದ ನೈಲಾನ್ ದಾರ, ದಪ್ಪ ಸೂಜಿ, ಕೈ ಹೊಲಿಗೆ. ತೂತುಗಳು ಒಂದೇ ಗೆರೆಯಲ್ಲಿ ಬೀಳದಂತೆ ಒಂದು ಮೇಲೆ, ಒಂದು ಕೆಳಗೆ, ಒಂದು ಉದ್ದ, ಒಂದು ಗಿಡ್ಡ. ರೆಕ್ಸಿನ್ ಕಾಸ್ಟ್ಯೂಮಿಗೆ ಹಾಗೇ ಹೊಲಿಯುವುದಂತೆ. ಮೂರು ಪಟ್ಟಿಗಳಲ್ಲಿ ಎರಡನ್ನು ಅವರು ಹೊಲಿದರು. ಮೂರನೆಯದನ್ನು ನಾನು ಹಟ ಹಿಡಿದು ಹೊಲಿದೆ. ಪ್ರತಿ ಹೊಲಿಗೆಗೂ ಮಾಸ್ಟರು "ಹ್ಞೂಂ" ಎಂದರು. ಅದು ಒಪ್ಪಿಗೆಯ ಹ್ಞೂಂ ಅಲ್ಲ.

ವಿಎನ್ ಸರ್ ಬಂದು ನೋಡಿ ಕನ್ನಡಕ ಮೇಲೆತ್ತಿದರು. "ವಾಟ್ ಈಸ್ ದಿಸ್, ವಸಂತಾ? ಫ್ರಾಕಾ?"

"ಸ್ಕರ್ಟ್, ಸರ್."

"ಸೋ ವಾಟ್?"

ಈ ಸಲ ನನ್ನ ಹತ್ತಿರ ಉತ್ತರ ಇತ್ತು. ತೊಟ್ಟಿಯಲ್ಲಿ ಅತಿ ಮೆಲ್ಲಗಿನ ಅಲೆ ಎಬ್ಬಿಸಿ, ಕಟ್ಟಡದ ಮೇನ್ ಸ್ವಿಚ್ಚನ್ನೇ ಆಫ್ ಮಾಡಿಸಿದೆ. ಅಕ್ಕಪಕ್ಕದ ಸೆಕ್ಷನ್ನುಗಳಿಂದ ಕೂಗಾಟ ಬಂತು. ಪುಟ್ಟ ಸ್ಕೋಪಿನ ಮೇಲೆ ಗೆರೆ, ಅಂಕುಡೊಂಕಾಗಿ, ಸೋಮಾರಿಯಾಗಿ, ಆದರೆ ಬಿಡದೆ ಏಳುತ್ತಲೇ ಇತ್ತು. ಸರ್ ಹಸಿರು ಪೆನ್ನು ತೆಗೆದು ಪಟ್ಟಿಗಳನ್ನು ಕಡಲಿಗೆ ಇಳಿಸುವ ಅನುಮತಿಯ ಕಾಗದಕ್ಕೆ ಅಲ್ಲೇ ನಿಂತು ಸಹಿ ಹಾಕಿದರು.

ಅಕ್ಟೋಬರಿನ ಮೊದಲ ವಾರ ಮೂರು ಪಟ್ಟಿಗಳನ್ನು ಪೆಟ್ಟಿಗೆಯ ಸುತ್ತ ನಿಲ್ಲಿಸಿ ಬಂದೆವು. ಆಮೇಲೆ ಕೆಲಸವೆಂದರೆ ಕಾಯುವುದು. ದಿನಕ್ಕೆ ನಾಲ್ಕು ಸಲ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ. ಬೆಳಿಗ್ಗೆ ಎದ್ದ ತಕ್ಷಣ ದೇವರಿಗಿಂತ ಮೊದಲು ಆ ಸಂಖ್ಯೆ. ನಮ್ಮ ಯಜಮಾನರು ಕಾಫಿ ಕೊಟ್ಟು, "ಮಗು ಹೇಗಿದೆ? ಜ್ವರ ಎಷ್ಟು?" ಎಂದು ಕೇಳುವರು.

ನವೆಂಬರಿನ ಕೊನೆಗೆ ಪುಯಲ್ ಬಂತು. ಎರಡು ದಿನ ಅಡ್ಯಾರಿನ ಬೀದಿಗಳಲ್ಲಿ ಮೊಣಕಾಲುದ್ದ ನೀರು, ಆಫೀಸಿಗೆ ರಜೆ. ಮೊದಲ ದಿನ ಬೆಳಗಿನ ಸಂಖ್ಯೆ ಬಂತು. ಮಧ್ಯಾಹ್ನದ್ದು ಬರಲಿಲ್ಲ. ಸಂಜೆಯದೂ ಬರಲಿಲ್ಲ. ಮರುದಿನ ಇಡೀ ದಿನ ಇಲ್ಲ. ಪಟ್ಟಿಗಳು ಕಿತ್ತುಹೋದವೆಂದುಕೊಂಡೆ. ಸರ್ಟಿಫಿಕೇಟ್ ರೂಮಿನ ಸೀಲು, ಇಂಕ್ ಪ್ಯಾಡು ಕಣ್ಣ ಮುಂದೆ ಬಂದವು. ವಿಎನ್ ಸರ್ ಫೋನ್ ಮಾಡಿದರು.

"ವಸಂತಾ, ಸ್ಕರ್ಟ್ ಜೀವಂತ ಇದೆಯಾ?"

"ಗೊತ್ತಿಲ್ಲ, ಸರ್."

"ಊಟ ಮಾಡಿದ್ರಾ? ಮಾಡಿ" ಎಂದು ಇಟ್ಟುಬಿಟ್ಟರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಊಟ ವಿಚಾರಿಸಿದ್ದು ಅದೊಂದೇ ಸಲ.

ಮೂರನೆಯ ದಿನ ಬೆಳಿಗ್ಗೆ ಬಿಸಿಲು ಬಂತು. ಒದ್ದೆ ಚಪ್ಪಲಿಯಲ್ಲಿ ಲ್ಯಾಬಿಗೆ ಹೋದರೆ ಅನ್ಬರಸಿ ನನಗಿಂತ ಮೊದಲೇ ಬಂದಿದ್ದಳು. ಹತ್ತು ಗಂಟೆಯ ಹೊತ್ತಿಗೆ ಕಂಪ್ಯೂಟರಿನಲ್ಲಿ ಒಂದು ಸಂಖ್ಯೆ. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಮತ್ತೊಂದು. ತಪ್ಪಿಹೋಗಿದ್ದ ಅಷ್ಟೂ ಸಂಖ್ಯೆಗಳು ಸಾಲಾಗಿ ಬಂದವು, ಒಂದೂ ಬಿಡದೆ.

ಆಗಿದ್ದೇನೆಂದರೆ, ಎರಡು ದಿನ ಮೋಡ ಕವಿದು ಮೇಲಿನ ಬೋಯೆಯ ಸೋಲಾರ್ ಸೋತು ಬೋಯೆ ಮಲಗಿಬಿಟ್ಟಿತ್ತು. ತಳದ ಪೆಟ್ಟಿಗೆ ಮಾತ್ರ, ಫ್ರಿಲ್ಲುಗಳು ಆ ಅಲೆಯಲ್ಲಿ ಹುಚ್ಚೆದ್ದು ಕುಣಿದದ್ದರಿಂದ, ಹೊಟ್ಟೆ ತುಂಬಿಸಿಕೊಂಡು ಅಳೆಯುತ್ತಲೇ ಇತ್ತು. ಕೇಳುವವರಿಲ್ಲದಾಗ ಬರೆದಿಟ್ಟುಕೊಂಡು, ಬೋಯೆ ಎದ್ದ ಕೂಡಲೇ ಎಲ್ಲವನ್ನೂ ಒಪ್ಪಿಸಿತ್ತು.

ಅನ್ಬರಸಿ ಇದನ್ನು ಸರ್‌ಗೆ ವಿವರಿಸುತ್ತ ಉತ್ಸಾಹದಲ್ಲಿ ಅಂದುಬಿಟ್ಟಳು. "ಮೇಲಿರೋರು ನಿದ್ದೆ ಸರ್, ಕೆಳಗಿರೋರು ಕೆಲಸ. ನಮ್ಮ ಆಫೀಸ್ ಥರಾನೇ." ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಸರ್ ಅವಳನ್ನು ನೋಡಿದರು, ಸಂಖ್ಯೆಗಳನ್ನು ನೋಡಿದರು, ಆಮೇಲೆ ನಗತೊಡಗಿದರು. ವಿಭೂತಿ ಉದುರುವಷ್ಟು ನಕ್ಕರು. ಅಂದು ಮೈಸೂರುಪಾಕು ತರಿಸಿದ್ದು ಅವರೇ.

ಪೊಂಗಲ್ ಕಳೆದು ಕಡಲು ಶಾಂತವಾದ ಮೇಲೆ ದೋಣಿ ಹೋಗಿ ಮೂರು ಪಟ್ಟಿಗಳನ್ನೂ ಎತ್ತಿ ತಂದಿತು. ಥರ್ಮಾಮೀಟರು ಒಂದು ದಿನವೂ ಸತ್ತಿರಲಿಲ್ಲ, ಸೆಕ್ಷನ್ ಉಳಿಯಿತು. ನಿವೃತ್ತಿಯವರೆಗೂ ನಾನು ತೊಟ್ಟಿಯ ಪಕ್ಕದಲ್ಲೇ ಕಳೆದೆ.

ಪಟ್ಟಿಗಳು ಬಂದ ದಿನ ಮುನಿರತ್ನಂ ಮಾಸ್ಟರು ಒಗೆದು ಇಸ್ತ್ರಿ ಹಾಕಿದ ಬಿಳಿ ಷರಟು ತೊಟ್ಟು ಬೆಳಿಗ್ಗೆಯಿಂದಲೇ ದೋಣಿಕಟ್ಟೆಯಲ್ಲಿ ಬಂದು ಕೂತಿದ್ದರು. ಪೋರೂರಿನ ಮಗಳ ಮನೆಗೆ ಹೋಗಿಬಿಡುವುದೆಂದು ಅವರು ಅಂಗಡಿ ಮುಚ್ಚಿ ವಾರವಾಗಿತ್ತು. ಪಟ್ಟಿಗಳನ್ನು ಕಟ್ಟೆಯ ಮೇಲೆ ಹರಡಿದೆವು. ಬುಡದಲ್ಲಿ ಚಿಪ್ಪುಗಳು ಹಿಡಿದಿದ್ದವು. ಸದಾ ಆಡುತ್ತಿದ್ದ ಅಂಚಿನಲ್ಲಿ ಮಾತ್ರ ಒಂದೆರಡು ಬಿಟ್ಟರೆ ಏನೂ ಕೂತಿರಲಿಲ್ಲ. ನಾನು ಗ್ರಾಫ್ ತೋರಿಸಲು ಹೋದೆ. ಅವರು ಕೈಯಲ್ಲೇ ತಡೆದು, ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಂಚನ್ನು ಬೆರಳಿನಿಂದ ಬೆರಳಿಗೆ ಸರಿಸುತ್ತ ಒಂದೊಂದೇ ಹೊಲಿಗೆ ನೋಡಿದರು. ಒಂದು ಕಡೆ ಬೆರಳು ನಿಂತಿತು.

"ಇದು ಬಿಟ್ಟಿದೆ."

"ಎಲ್ಲಿ ಮಾಸ್ಟರ್?"

"ಇಲ್ಲಿ. ಇದು ನಂದಲ್ಲ. ಇದು ನಿಮ್ಮ ಕೈ." ಮುಖ ಎತ್ತಿ ನಕ್ಕರು, ಬಾಯಲ್ಲಿ ಉಳಿದಿದ್ದ ನಾಲ್ಕು ಹಲ್ಲೂ ಕಂಡವು. "ಪರವಾಗಿಲ್ಲಮ್ಮಾ. ಮೂರು ತಿಂಗಳು ನಿಂತದಲ್ಲ, ಪಾಸ್."

ಅವರು ಹೊಲಿದ ಒಂದು ಪಟ್ಟಿಯ ಫ್ರಿಲ್ಲನ್ನು ಬಿಡಿಸಿ ಅವರಿಗೇ ಕೊಟ್ಟೆವು. ಕಾಸ್ಟ್ಯೂಮೆಲ್ಲ ಕಂಪನಿಯವರೇ ತೆಗೆದುಕೊಂಡುಬಿಡುತ್ತಿದ್ದರು, ಹೊಲಿದದ್ದು ಒಂದೂ ತನ್ನ ಹತ್ತಿರ ಉಳಿದಿಲ್ಲ ಎಂದು ಅವರು ಹಿಂದೊಮ್ಮೆ ಅಂದಿದ್ದರು. ಪೇಪರಿನಲ್ಲಿ ಸುತ್ತಿ ಕೊಡುತ್ತೇನೆಂದರೆ ಒಪ್ಪಲಿಲ್ಲ. ಹೆಗಲ ಮೇಲೆ ಟವೆಲಿನಂತೆ ಹಾಕಿಕೊಂಡರು. ಷೇರ್ ಆಟೋದ ಡ್ರೈವರು ವಾಸನೆಗೆ ಮೂಗು ಹಿಡಿದು, "ಪೆರಿಯವರೇ, ಎನ್ನ ಇದು, ಕರುವಾಡಾ?" ಏನಜ್ಜಾ ಇದು, ಒಣಮೀನಾ ಎಂದು ಕೂಗಿದ.

"ಹೀರೋಯಿನ್ ಪಾವಾಡೈ ಡಾ. ಮುಚ್ಚಿಕೊಂಡು ಓಡಿಸು," ಹೀರೋಯಿನ್ನಿನ ಲಂಗ ಕಣೋ ಎಂದು ಮಾಸ್ಟರು ಆಟೋ ಹತ್ತಿ ಸೀಟಿನ ಅಂಚಿನಲ್ಲಿ ಕೂತರು. ನನ್ನ ಕಡೆ ತಿರುಗಿ, "ಬರ್ತೀನಮ್ಮಾ, ಮುಂದಿನದಕ್ಕೆ ತುದೀಲಿ ಇನ್ನೊಂದು ಗೇಣು ಕಡಿಮೆ ಮಾಡಿ, ಪಾಪಾ ಹೇಳಿದ್ದು ಸರಿ" ಎಂದರು.

ಆಟೋ ಹೊರಟಿತು. ಅವರ ಹೆಗಲಿನ ಫ್ರಿಲ್ಲು ಗಾಳಿಗೆ ಹೊರಗೆ ಹಾರಿ, ಬೀಚ್ ರೋಡಿನ ಉದ್ದಕ್ಕೂ ಪಟಪಟನೆ ಆಡುತ್ತ ಹೋಯಿತು. ಅವರು ಅದನ್ನು ಒಳಗೆ ಎಳೆದುಕೊಳ್ಳಲಿಲ್ಲ. ತಲೆ ಹೊರಗೆ ಹಾಕಿ, ಅದು ಆಡುವುದನ್ನೇ ನೋಡುತ್ತಿದ್ದರು. ಮಾಸ್ಟರನ್ನು ನಾನು ಕೊನೆಯ ಬಾರಿ ನೋಡಿದ್ದು ಹಾಗೆ.